ಭೂಮಿಯ ವಯಸ್ಸು ಎಣಿಸಿದ ಅಧ್ಯಾಪಕ ಲಾರ್ಡ್ ಕೆಲ್ವಿನ್

ಉಷ್ಣತೆಯ ಏಕಮಾನವಾಗಿ ಕೆಲ್ವಿನ್ ಎಂಬ ಹೆಸರು ವಿಜ್ಞಾನ ಓದಿದವರಿಗೆಲ್ಲ ಪರಿಚಿತ. ಆ ಹೆಸರಿನ ಹಿಂದಿದ್ದವರು 53 ವರ್ಷ ಒಂದೇ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ ಅಧ್ಯಾಪಕರೆಂಬುದು ಅಷ್ಟಾಗಿ ನೆನಪಿನಲ್ಲಿಲ್ಲ.

1824ರಲ್ಲಿ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಜನಿಸಿದ ವಿಲಿಯಂ ಥಾಮ್ಸನ್, ಗಣಿತ ಪ್ರಾಧ್ಯಾಪಕರಾಗಿದ್ದ ತಂದೆಯೊಡನೆ ಬಾಲ್ಯದಲ್ಲೇ ಸ್ಕಾಟ್ಲೆಂಡಿನ ಗ್ಲಾಸ್ಗೋ ಸೇರಿದರು. 1846ರಲ್ಲಿ, 22ನೇ ವಯಸ್ಸಿನಲ್ಲಿ, ಅಲ್ಲಿನ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪೀಠ ಅವರಿಗೆ ಒಲಿಯಿತು. ಆಗ ಅವರು ಮಂಡಿಸಿದ ಲ್ಯಾಟಿನ್ ಪ್ರಬಂಧದ ವಿಷಯವೇ ಭೂಗರ್ಭದಲ್ಲಿ ಉಷ್ಣದ ಚಲನೆ.

ಅಧ್ಯಾಪಕರು ಪ್ರಯೋಗ ಮಾಡುವುದು, ವಿದ್ಯಾರ್ಥಿಗಳು ಕುಳಿತು ನೋಡುವುದು ಅಂದಿನ ವಾಡಿಕೆ. ಥಾಮ್ಸನ್ ಪಾಳುಬಿದ್ದ ಮದ್ಯದ ನೆಲಮಾಳಿಗೆಯೊಂದನ್ನು ಪ್ರಯೋಗಾಲಯವಾಗಿಸಿ ವಿದ್ಯಾರ್ಥಿಗಳ ಕೈಗೇ ಉಪಕರಣ ಕೊಟ್ಟರು. ತರಗತಿಯಲ್ಲೇ ಲೋಲಕಕ್ಕೆ ಬಂದೂಕು ಹಾರಿಸಿ ಗುಂಡಿನ ವೇಗ ಕಂಡುಹಿಡಿಯುತ್ತಿದ್ದರು. ಹಸಿ ಮೊಟ್ಟೆಯನ್ನೂ ಬೇಯಿಸಿದ ಮೊಟ್ಟೆಯನ್ನೂ ತಂತಿಯಲ್ಲಿ ತೂಗುಹಾಕಿ ತಿರುಗಿಸುತ್ತಿದ್ದರು. ಬೆಂದದ್ದು ಬಹಳ ಹೊತ್ತು ತಿರುಗಾಡುತ್ತದೆ, ಹಸಿಯದು ಬೇಗ ನಿಲ್ಲುತ್ತದೆ. ಭೂಮಿ ತೆಳು ಚಿಪ್ಪಿನೊಳಗಿನ ದ್ರವವಲ್ಲ, ಘನವಸ್ತು ಎಂಬ ಅವರ ವಾದಕ್ಕೆ ಮೊಟ್ಟೆಗಳೇ ಸಾಕ್ಷಿ!

ಆ ಘನತೆಯ ಮೇಲಿನ ಭರವಸೆಯೇ ಮುಂದೆ ಅವರನ್ನು ದಾರಿ ತಪ್ಪಿಸಿತು. ಕರಗಿದ ಉಂಡೆಯೊಂದು ಗಟ್ಟಿಯಾಗಿ, ಕೇವಲ ಉಷ್ಣವಹನದಿಂದ ತಣಿಯುತ್ತ ಬಂದಿದೆಯೆಂದು ಭಾವಿಸಿ, 1862ರಲ್ಲಿ ಅವರು ಭೂಮಿಗೆ 2 ಕೋಟಿಯಿಂದ 40 ಕೋಟಿ ವರ್ಷ ವಯಸ್ಸು ಕಟ್ಟಿದರು. ಡಾರ್ವಿನ್ನರ ಜೀವವಿಕಾಸಕ್ಕೆ ಇಷ್ಟು ಕಾಲ ಸಾಲದು. ಭೂವಿಜ್ಞಾನಿಗಳು ಚಡಪಡಿಸಿದರೂ, ಅವರ ಗಣಿತವನ್ನು ಎದುರಿಸಲು ಬಲ್ಲವರು ವಿರಳ.

ಎದುರಿಸಿದವರು ಹೊರಗಿನವರಲ್ಲ, ಒಂದು ಕಾಲಕ್ಕೆ ಅವರ ಸಹಾಯಕರಾಗಿದ್ದ ಜಾನ್ ಪೆರಿ. ಥಾಮ್ಸನ್ 1892ರಲ್ಲೇ, ವಿಶ್ವವಿದ್ಯಾಲಯದ ಪಕ್ಕದಲ್ಲಿ ಹರಿಯುವ ನದಿಯ ಹೆಸರು ಹೊತ್ತು, ಲಾರ್ಡ್ ಕೆಲ್ವಿನ್ ಆಗಿದ್ದರು. ಪೆರಿಯವರು ಲೆಕ್ಕದಲ್ಲಿ ತಪ್ಪು ಹುಡುಕಲಿಲ್ಲ, ಅದರ ಬುಡದಲ್ಲಿದ್ದ ಕಲ್ಪನೆಯನ್ನು ಅಲುಗಿಸಿದರು. ಭೂಮಿಯ ಒಳಭಾಗ ಅಲ್ಪಸ್ವಲ್ಪ ಹರಿಯುವಂತಿದ್ದರೆ ಆಳದ ಉಷ್ಣ ಮೇಲೇರುತ್ತಲೇ ಇರುತ್ತದೆ, ಆಗ ವಯಸ್ಸು ನೂರಾರು ಕೋಟಿ ವರ್ಷಕ್ಕೆ ಏರಬಹುದೆಂದು 1895ರಲ್ಲಿ ತೋರಿಸಿದರು. ಕೆಲ್ವಿನ್ ಮಣಿಯಲಿಲ್ಲ. 1897ರಲ್ಲಿ ತಮ್ಮ ಅಂದಾಜನ್ನು 2ರಿಂದ 4 ಕೋಟಿಗೆ ಇನ್ನೂ ಬಿಗಿಗೊಳಿಸಿದರು.

ವಿಕಿರಣಶೀಲತೆಯ ಶೋಧವೇ ಕೆಲ್ವಿನ್‌ರ ಲೆಕ್ಕವನ್ನು ಕೆಡವಿತೆಂದು ಅನೇಕ ಪಠ್ಯಗಳು ಹೇಳುತ್ತವೆ. ಶಿಲೆಗಳ ವಯಸ್ಸು ಅಳೆಯಲು ಅದು ನೆರವಾದದ್ದು ನಿಜ. ಭೂಮಿಗೆ ಈಗ ಸುಮಾರು 454 ಕೋಟಿ ವರ್ಷ. ಆದರೆ ಆ ಲೆಕ್ಕದ ನಿಜವಾದ ದೋಷ ಇದ್ದದ್ದು ಪೆರಿ ಬೆರಳಿಟ್ಟ ಜಾಗದಲ್ಲೇ.

1899ರಲ್ಲಿ ನಿವೃತ್ತರಾದ ಕೆಲ್ವಿನ್, ಅದೇ ವಿಶ್ವವಿದ್ಯಾಲಯದಲ್ಲಿ ಸಂಶೋಧನಾ ವಿದ್ಯಾರ್ಥಿಯಾಗಿ ಹೆಸರು ನೋಂದಾಯಿಸಿಕೊಂಡರು. 1904ರಲ್ಲಿ ಅದರ ಕುಲಾಧಿಪತಿಯೂ ಆದರು. 1907ರ ಡಿಸೆಂಬರ್ 17ರಂದು ನಿಧನರಾಗುವವರೆಗೂ ಭೂಮಿಯ ವಯಸ್ಸಿನ ತಮ್ಮ ಲೆಕ್ಕವನ್ನು ಬಹಿರಂಗವಾಗಿ ಹಿಂತೆಗೆದುಕೊಳ್ಳಲಿಲ್ಲ.