ಉಗಿಬಂಡಿಯ ಜನಕ ರಿಚರ್ಡ್ ಟ್ರೆವಿಥಿಕ್

ಹುಬ್ಬಳ್ಳಿಯು ರೈಲಿನೊಡನೆ ಬೆಳೆದ ನಗರ. ಅಲ್ಲಿಯ ರೈಲ್ವೆ ಕಾರ್ಯಾಗಾರವು 1885ರಲ್ಲಿ ಆರಂಭವಾಯಿತು. ಸವೆದು ಬಂದ ಉಗಿ ಎಂಜಿನುಗಳನ್ನು ಬಿಚ್ಚಿ, ದುರಸ್ತಿ ಮಾಡಿ, ಮತ್ತೆ ಹಳಿಗೆ ಕಳುಹಿಸುವ ಕೆಲಸದಲ್ಲಿ ಹಲವು ತಲೆಮಾರುಗಳ ಕುಶಲಕರ್ಮಿಗಳು ಅಲ್ಲಿ ಪಳಗಿದರು. ಅದೇ ನಗರದ ವಿದ್ಯಾನಗರದಲ್ಲಿ 1947ರಲ್ಲಿ ಇಂಜಿನಿಯರಿಂಗ್ ಕಾಲೇಜು ಸ್ಥಾಪನೆಯಾಯಿತು. ಯಂತ್ರವಿದ್ಯೆಯನ್ನು ಅಭ್ಯಾಸ ಮಾಡುವವರಿಗೆ ಸಣ್ಣ ಮಾದರಿಯೇ ಮೊದಲ ಗುರು. ನೂರಾರು ಟನ್ನು ಭಾರವನ್ನೆಳೆದ ಉಗಿಬಂಡಿಯೂ ಒಂದು ಕಾಲಕ್ಕೆ ಮೇಜಿನ ಮೇಲೆ ಓಡಾಡುವ ಆಟಿಕೆಯಷ್ಟು ಚಿಕ್ಕದಾಗಿತ್ತು. ಅದನ್ನು ತನ್ನ ಮನೆಯಲ್ಲಿ ಓಡಿಸಿ ತೋರಿಸಿ, ಆ ಚಿಕ್ಕ ಯಂತ್ರದಲ್ಲಿ ಲೋಕದ ಮುಂದಿನ ಹಾದಿಯನ್ನು ಕಂಡವನು ರಿಚರ್ಡ್ ಟ್ರೆವಿಥಿಕ್.

ಇಂಗ್ಲೆಂಡಿನ ನೈಋತ್ಯ ಭಾಗದಲ್ಲಿರುವ ಕಾರ್ನ್‌ವಾಲ್ ಸೀಮೆಯು ತವರ ಮತ್ತು ತಾಮ್ರದ ಗಣಿಗಳಿಗೆ ಹೆಸರಾಗಿತ್ತು. ಅಲ್ಲಿ 1771ನೆಯ ಏಪ್ರಿಲ್ 13ರಂದು ಟ್ರೆವಿಥಿಕ್ ಜನಿಸಿದನು. ತಂದೆ ಗಣಿಗಳ ಮೇಲ್ವಿಚಾರಕ. ಶಾಲೆಯಲ್ಲಿ ಹುಡುಗನು ಉಪಾಧ್ಯಾಯರ ಮೆಚ್ಚುಗೆಗೆ ಪಾತ್ರನಾಗಲಿಲ್ಲ. ಪಾಠದಲ್ಲಿ ಗಮನವಿಲ್ಲದವನು, ಹಟಮಾರಿ ಎಂಬ ಅಪವಾದವೇ ಅವನ ಪಾಲಿಗೆ ಬಂದಿತು. ಆದರೆ ಲೆಕ್ಕದಲ್ಲಿ ಅವನ ಬುದ್ಧಿ ಚುರುಕಾಗಿತ್ತು. ಉತ್ತರವನ್ನು ತನ್ನದೇ ದಾರಿಯಲ್ಲಿ ಕಂಡುಕೊಳ್ಳುತ್ತಿದ್ದನು. ಆರಡಿಗೂ ಮೀರಿದ ಎತ್ತರ, ಗಟ್ಟಿಮುಟ್ಟಾದ ಮೈಕಟ್ಟು. ಕುಸ್ತಿಯಲ್ಲಿಯೂ ಅವನು ಎತ್ತಿದ ಕೈ. ಹತ್ತೊಂಬತ್ತನೆಯ ವಯಸ್ಸಿಗೆ ಗಣಿಯ ಕೆಲಸಕ್ಕೆ ಸೇರಿದನು. 1797ರಲ್ಲಿ ಎರಕದ ಕಾರ್ಖಾನೆಯೊಂದರ ಒಡೆಯನ ಮಗಳಾದ ಜೇನ್ ಹಾರ್ವೆಯನ್ನು ವಿವಾಹವಾದನು.

ಗಣಿಗಳಲ್ಲಿ ತುಂಬುವ ನೀರನ್ನು ಮೇಲೆತ್ತಲು ಆಗ ಜೇಮ್ಸ್ ವಾಟನ ಉಗಿಯಂತ್ರಗಳು ಬಳಕೆಯಲ್ಲಿದ್ದವು. ಅವುಗಳಲ್ಲಿ ಉಗಿಯ ಒತ್ತಡ ಕಡಿಮೆ. ಬಳಸಿದ ಉಗಿಯನ್ನು ಪ್ರತ್ಯೇಕ ಪಾತ್ರೆಯಲ್ಲಿ ತಣಿಸಿ ನೀರಾಗಿಸಬೇಕಾಗಿತ್ತು. ಹೀಗಾಗಿ ಯಂತ್ರವು ಒಂದು ಕಟ್ಟಡವನ್ನೇ ತುಂಬುವಷ್ಟು ದೊಡ್ಡದಾಗುತ್ತಿತ್ತು. ಅದನ್ನು ಗಾಡಿಯ ಮೇಲಿಡುವಂತಿರಲಿಲ್ಲ. ಉಗಿಯ ಒತ್ತಡವನ್ನು ಹೆಚ್ಚಿಸಿ, ಕೆಲಸ ಮುಗಿಸಿದ ಉಗಿಯನ್ನು ನೇರವಾಗಿ ಗಾಳಿಗೆ ಬಿಟ್ಟರೆ ಹೇಗೆ ಎಂದು ಟ್ರೆವಿಥಿಕ್ ಯೋಚಿಸಿದನು. ಇದರಿಂದ ಆಗುವ ನಷ್ಟವೆಷ್ಟೆಂದು ವಿದ್ವಾಂಸನಾದ ಗೆಳೆಯ ಡೇವಿಸ್ ಗಿಡ್ಡಿಯನ್ನು ಕೇಳಿದನು. ಒಂದು ವಾಯುಭಾರದಷ್ಟು ಒತ್ತಡ ಮಾತ್ರ ನಷ್ಟವಾಗುವುದೆಂದು ಗೆಳೆಯನು ತಿಳಿಸಿದನು. ತಣಿಸುವ ಪಾತ್ರೆ ಬೇಡವಾದರೆ ಯಂತ್ರವು ಚಿಕ್ಕದಾಗುವುದು. ಚಿಕ್ಕದಾದರೆ ತನ್ನನ್ನು ತಾನೇ ಹೊತ್ತು ನಡೆಯಬಲ್ಲದು. ಟ್ರೆವಿಥಿಕ್‌ನ ಸಾಧನೆಯೆಲ್ಲವೂ ಈ ಒಂದು ವಿಚಾರದಿಂದ ಹುಟ್ಟಿತು.

ಕಾರ್ನ್‌ವಾಲಿನಲ್ಲಿಯೇ ವಾಟನ ಸಂಸ್ಥೆಯ ನೌಕರನಾಗಿದ್ದ ವಿಲಿಯಂ ಮರ್ಡಾಕನು 1784ರಲ್ಲಿ ಮೂರು ಗಾಲಿಗಳ ಪುಟ್ಟ ಉಗಿಗಾಡಿಯೊಂದನ್ನು ಮಾಡಿ ಓಡಿಸಿದ್ದನು. ಅದರ ಉದ್ದ ಸುಮಾರು ಒಂದೂವರೆ ಅಡಿ. ಆದರೆ ಒಡೆಯರ ಪ್ರೋತ್ಸಾಹ ದೊರೆಯದೆ ಆ ಪ್ರಯತ್ನ ಅಲ್ಲಿಗೇ ನಿಂತಿತು.

1797-98ರ ವೇಳೆಗೆ ಟ್ರೆವಿಥಿಕ್ ತನ್ನ ಮಾದರಿಗಳನ್ನು ಸಿದ್ಧಪಡಿಸಿದನು. ಅವನ ಮನೆಯ ಅಡುಗೆಕೋಣೆಯಲ್ಲಿ ಗೆಳೆಯರ ಎದುರಿಗೆ ಅವುಗಳ ಪರೀಕ್ಷೆ ನಡೆಯಿತೆಂದು ಅವನ ಮನೆತನದವರು ಹೇಳಿಕೊಂಡು ಬಂದಿದ್ದಾರೆ. ಪುಟ್ಟ ಬಾಯ್ಲರಿಗೆ ಕುದಿಯುವ ನೀರನ್ನು ತುಂಬಿ, ಅದರೊಳಗಿನ ಕೊಳವೆಯಲ್ಲಿ ಕೆಂಪಗೆ ಕಾದ ಕಬ್ಬಿಣದ ತುಂಡನ್ನಿಟ್ಟರು. ಉಗಿಯು ಪಿಸ್ಟನ್ನನ್ನು ತಳ್ಳಿತು, ಗಾಲಿಗಳು ತಿರುಗಿದವು. ಪುಟ್ಟ ಗಾಡಿಯು ಮೇಜಿನ ಮೇಲೆ ತಾನಾಗಿ ಓಡಿತು. ಅವನ ಮಾದರಿಯೊಂದು ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿದೆ.

ಮಾದರಿಯಲ್ಲಿ ಸಿದ್ಧಿಸಿದುದು ದೊಡ್ಡ ಗಾಡಿಯಲ್ಲಿಯೂ ಸಿದ್ಧಿಸಬೇಕಲ್ಲವೇ? 1801ರ ಡಿಸೆಂಬರ್ 24ರಂದು ಕ್ಯಾಂಬರ್ನ್ ಊರಿನ ದಿಣ್ಣೆಯ ಮೇಲೆ ಅವನ ಉಗಿಗಾಡಿಯು ಹಲವು ಜನರನ್ನು ಹೊತ್ತು ಏರಿತು. ಆದರೆ ಕೆಲವೇ ದಿನಗಳಲ್ಲಿ ಅದು ದಾರಿಯಲ್ಲಿ ಕೆಟ್ಟು ನಿಂತಿತು. ಉರಿಯನ್ನು ಆರಿಸದೆ ಎಲ್ಲರೂ ಊಟಕ್ಕೆ ಹೋದರು. ಬಾಯ್ಲರಿನ ನೀರು ಬತ್ತಿ, ಗಾಡಿ ಸುಟ್ಟುಹೋಯಿತು. 1803ರಲ್ಲಿ ಗ್ರೀನಿಚ್‌ನಲ್ಲಿ ಅವನ ಯಂತ್ರವೊಂದರ ಬಾಯ್ಲರು ಸಿಡಿದು ನಾಲ್ವರು ಪ್ರಾಣ ಕಳೆದುಕೊಂಡರು. ಹೆಚ್ಚಿನ ಒತ್ತಡದ ಉಗಿಯೇ ಅಪಾಯಕರವೆಂದು ಪ್ರತಿಸ್ಪರ್ಧಿಗಳು ಸಾರಿದರು. ಟ್ರೆವಿಥಿಕ್ ಎದೆಗುಂದಲಿಲ್ಲ. ಒಂದರ ಬದಲು ಎರಡು ರಕ್ಷಣಾ ಕವಾಟಗಳನ್ನೂ, ನೀರು ಬತ್ತಿದಾಗ ಕರಗಿ ಉಗಿಯನ್ನು ಹೊರಗೆ ಬಿಡುವ ಸೀಸದ ಬಿರಡೆಯನ್ನೂ ಅಳವಡಿಸಿದನು.

1804ನೆಯ ಫೆಬ್ರವರಿ 21 ರೈಲಿನ ಇತಿಹಾಸದಲ್ಲಿ ಮರೆಯಲಾಗದ ದಿನ. ವೇಲ್ಸ್ ಪ್ರಾಂತದ ಪೆನಿಡ್ಯಾರನ್ ಕಬ್ಬಿಣದ ಕಾರ್ಖಾನೆಯಿಂದ ಹೊರಟ ಅವನ ಎಂಜಿನು 10 ಟನ್ ಕಬ್ಬಿಣವನ್ನೂ 5 ಬಂಡಿಗಳನ್ನೂ 70 ಜನರನ್ನೂ ಎಳೆದುಕೊಂಡು ಹಳಿಗಳ ಮೇಲೆ ಸುಮಾರು 16 ಕಿಲೋಮೀಟರು ಸಾಗಿತು. ದಾರಿಯಲ್ಲಿ ಮರಗಳನ್ನು ಕಡಿದು, ಬಂಡೆಗಳನ್ನು ಸರಿಸಬೇಕಾಗಿ ಬಂದುದರಿಂದ ಪ್ರಯಾಣಕ್ಕೆ ನಾಲ್ಕು ಗಂಟೆಗೂ ಮಿಕ್ಕಿ ಹಿಡಿಯಿತು. ಯಂತ್ರವು ಗೆದ್ದಿತು, ಆದರೆ ಹಳಿಗಳು ಸೋತವು. ಬೀಡುಕಬ್ಬಿಣದ ಹಳಿಗಳು ಎಂಜಿನಿನ ಭಾರವನ್ನು ತಾಳಲಾರದೆ ಮುರಿದವು. 1808ರಲ್ಲಿ ಲಂಡನ್ನಿನಲ್ಲಿ ದುಂಡನೆಯ ಹಳಿಯನ್ನು ಹಾಕಿ, ಜನರಿಂದ ಒಂದೊಂದು ಷಿಲಿಂಗ್ ಪಡೆದು ಇನ್ನೊಂದು ಎಂಜಿನನ್ನು ಪ್ರದರ್ಶಿಸಿದನು. ಅಲ್ಲಿಯೂ ಹಳಿ ಮುರಿದು ಪ್ರದರ್ಶನ ನಿಂತುಹೋಯಿತು. ಅನಂತರ ಅವನು ಉಗಿಬಂಡಿಯ ಕಡೆಗೆ ಮತ್ತೆ ತಿರುಗಲಿಲ್ಲ.

1811ರಲ್ಲಿ ಟ್ರೆವಿಥಿಕ್ ದಿವಾಳಿಯಾದನು. 1816ರಲ್ಲಿ ಬೆಳ್ಳಿಯ ಗಣಿಗಳಿಗೆ ಯಂತ್ರಗಳನ್ನು ಅಳವಡಿಸಲು ದಕ್ಷಿಣ ಅಮೆರಿಕದ ಪೆರು ದೇಶಕ್ಕೆ ಹೋದನು. ಅಲ್ಲಿ ನಡೆದ ಸ್ವಾತಂತ್ರ್ಯಸಮರದಲ್ಲಿ ಗಳಿಸಿದುದೆಲ್ಲ ಕೈಬಿಟ್ಟಿತು. ಕಾಡುಮೇಡುಗಳನ್ನು ದಾಟಿ, ಬರಿಗೈಯಲ್ಲಿ ಕಾರ್ಟಜೀನ ಎಂಬ ಬಂದರನ್ನು ತಲುಪಿದಾಗ ಅಲ್ಲಿ ಸಿಕ್ಕಿದವನು ರಾಬರ್ಟ್ ಸ್ಟೀವನ್‌ಸನ್. ಅವನ ತಂದೆ ಜಾರ್ಜ್ ಸ್ಟೀವನ್‌ಸನ್ನನು ಆ ಹೊತ್ತಿಗೆ ರೈಲಿನಿಂದ ಕೀರ್ತಿಯನ್ನು ಪಡೆದಿದ್ದನು. ರಾಬರ್ಟನು ಕೊಟ್ಟ 50 ಪೌಂಡುಗಳಿಂದ ಟ್ರೆವಿಥಿಕ್ 1827ರಲ್ಲಿ ಸ್ವದೇಶಕ್ಕೆ ಮರಳಿದನು. ಮೊದಲು ದಾರಿ ತೋರಿದವನು, ಆ ದಾರಿಯಲ್ಲಿ ಮುಂದೆ ಸಾಗಿದವರ ನೆರವಿನಿಂದ ಮನೆ ಸೇರಬೇಕಾಯಿತು!

1833ನೆಯ ಏಪ್ರಿಲ್ 22ರಂದು ಡಾರ್ಟ್‌ಫರ್ಡ್ ಪಟ್ಟಣದ ವಸತಿಗೃಹವೊಂದರಲ್ಲಿ ಅವನು ಕಡುಬಡತನದಲ್ಲಿ ತೀರಿಕೊಂಡನು. ಜೊತೆಯ ಕೆಲಸಗಾರರೇ ಹಣ ಕೂಡಿಸಿ ಅಂತ್ಯಕ್ರಿಯೆಯನ್ನು ನೆರವೇರಿಸಿದರು. ಅವನ ಸಮಾಧಿಯ ಮೇಲೆ ಗುರುತಿನ ಕಲ್ಲೂ ಇರಲಿಲ್ಲ. ಅದಾದ 20 ವರ್ಷಗಳಿಗೆ, 1853ರ ಏಪ್ರಿಲ್ 16ರಂದು, ಮುಂಬಯಿಯಿಂದ ಠಾಣೆಗೆ ಭಾರತದ ಮೊದಲ ಪ್ರಯಾಣಿಕರ ರೈಲು ಓಡಿತು. ಮುಂದೆ ಹುಬ್ಬಳ್ಳಿಯ ಕಾರ್ಯಾಗಾರಕ್ಕೆ ಬಂದ ಉಗಿ ಎಂಜಿನುಗಳಲ್ಲಿಯೂ ಅವನು ನೆಚ್ಚಿದ ಹೆಚ್ಚಿನ ಒತ್ತಡದ ಉಗಿಯೇ ಕೆಲಸ ಮಾಡಿತು.

ಕ್ಯಾಂಬರ್ನ್ ಊರಿನವರು 1932ರಲ್ಲಿ ಅವನ ಪ್ರತಿಮೆಯನ್ನು ನಿಲ್ಲಿಸಿದರು. ಆ ಎತ್ತರದ ಮನುಷ್ಯನ ಕೈಯಲ್ಲಿರುವುದು ಉಗಿಬಂಡಿಯ ಒಂದು ಪುಟ್ಟ ಮಾದರಿ. ಬಾಳಿನಲ್ಲಿ ಸಂಪತ್ತು ಅವನಿಗೆ ಒಲಿಯಲಿಲ್ಲ. ಆದರೆ ಅಡುಗೆಕೋಣೆಯ ಮೇಜಿನ ಮೇಲೆ ಅವನು ಕಂಡ ಸತ್ಯವು ಸುಳ್ಳಾಗಲಿಲ್ಲ. ಅದು ಭೂಖಂಡಗಳನ್ನೇ ದಾಟಿ ನಡೆಯಿತು.