ಕಂಡಷ್ಟನ್ನೇ ಬರೆದ ಉಸ್ತಾದ್ ಮನ್ಸೂರ್

1621ರಲ್ಲಿ ಮೊಗಲ್ ಬಾದಶಹ ಜಹಾಂಗೀರನ ಮುಂದೆ ಒಂದು ವಿಚಿತ್ರ ಪ್ರಾಣಿಯನ್ನು ತಂದು ನಿಲ್ಲಿಸಿದರು. ನೋಡೋಕೆ ಕತ್ತೆ ಥರ, ಆದರೆ ಮೂತಿಯಿಂದ ಬಾಲದವರೆಗೂ ಕಪ್ಪು ಬಿಳಿ ಪಟ್ಟೆ. ಯಾರೋ ಬಣ್ಣ ಬಳಿದು ಏಮಾರಿಸ್ತಿದ್ದಾರೆ ಅಂತ ಕೆಲವರಿಗೆ ಅನುಮಾನ ಬಂತು. ಚೆನ್ನಾಗಿ ಪರೀಕ್ಷೆ ಮಾಡಿದ ಮೇಲೆಯೇ ಪಟ್ಟೆ ಹುಟ್ಟಿನಿಂದ ಬಂದದ್ದು ಅಂತ ಖಾತ್ರಿಯಾಯಿತು. ಅದು ಅಬಿಸೀನಿಯಾ ಕಡೆಯಿಂದ ಬಂದ ಜೀಬ್ರಾ. ಬಾದಶಹ ಅದನ್ನು ಪರ್ಷಿಯಾದ ಷಾಗೆ ಉಡುಗೊರೆಯಾಗಿ ಕಳಿಸಬೇಕೆಂದುಕೊಂಡ. ಕಳಿಸೋ ಮುಂಚೆ ಅದರ ಚಿತ್ರ ಬೇಕಿತ್ತು. ಆ ಕೆಲಸ ಬಿದ್ದದ್ದು ಉಸ್ತಾದ್ ಮನ್ಸೂರ್ ಅವರಿಗೆ.

(ಬಾದಶಹನಿಗೆ ಏಕವಚನ, ಚಿತ್ರಕಾರರಿಗೆ ಬಹುವಚನ. ನಮ್ಮ ಮ್ಯಾಗಜೀನ್, ನಮ್ಮ ರೂಲ್ಸ್.)

ಮನ್ಸೂರ್ ಯಾವ ವರ್ಷ ಹುಟ್ಟಿದರು, ಯಾವ ಊರಿನವರು ಅನ್ನೋದು ಯಾವ ದಾಖಲೆಯಲ್ಲೂ ಇಲ್ಲ. ಮೊದಲು ಅವರ ಹೆಸರು ಸಿಗುವುದು ಅಕ್ಬರನ ಕಾಲದ ಕೊನೆಯಲ್ಲಿ, ಅರಮನೆಯ ಚಿತ್ರಶಾಲೆಯಲ್ಲಿ. ಅಲ್ಲಿ ಒಂದು ಚಿತ್ರ ಒಬ್ಬರ ಕೆಲಸ ಆಗಿರುತ್ತಿರಲಿಲ್ಲ. ಒಬ್ಬರು ರೇಖೆ ಎಳೆದರೆ ಇನ್ನೊಬ್ಬರು ಬಣ್ಣ ತುಂಬೋರು, ಮುಖ ಬಿಡಿಸೋಕೆ ಮತ್ತೊಬ್ಬರು. ಥೇಟ್ ನಮ್ಮ ಗ್ರೂಪ್ ಪ್ರಾಜೆಕ್ಟ್! ಒಂದೇ ವ್ಯತ್ಯಾಸ ಅಂದ್ರೆ, ಯಾರು ಯಾವ ಕೆಲಸ ಮಾಡಿದರು ಅಂತ ಅಲ್ಲಿನ ಗುಮಾಸ್ತರು ಅಂಚಿನಲ್ಲಿ ಬರೆದಿಡುತ್ತಿದ್ದರು. ಮನ್ಸೂರ್ ತಮ್ಮನ್ನು ನಕ್ಕಾಶ್ ಅಂತ ಕರೆದುಕೊಳ್ಳುತ್ತಿದ್ದರು, ಅಂದರೆ ಪುಟಗಳ ಅಲಂಕಾರ ಮಾಡುವವರು. ಬಾಬರ್‌ನಾಮಾದ ಸಚಿತ್ರ ಪ್ರತಿಯಲ್ಲಿ ಪ್ರಾಣಿಗಳನ್ನು ಬರೆಯುವ ಪಾಲು ಸಿಕ್ಕಿದ್ದೇ ಅವರ ದಾರಿ ಆಯಿತು.

ಈ ಚಿತ್ರಗಳನ್ನು ಮಿನಿಯೇಚರ್ ಅಂತಾರೆ. ಗೋಡೆಗೆ ನೇತುಹಾಕೋಕಲ್ಲ, ಪುಸ್ತಕದ ಹಾಗೆ ಕೈಯಲ್ಲಿ ಹಿಡಿದು ನೋಡೋಕೆ. ತಯಾರಿ ಕೇಳಿದ್ರೆ ನಮ್ಮ ಡ್ರಾಯಿಂಗ್ ಶೀಟಿನ ಕಷ್ಟ ಏನೂ ಅಲ್ಲ ಅನ್ನಿಸುತ್ತೆ. ಕಾಗದದ ಹಲವು ಪದರಗಳನ್ನು ಅಂಟಿಸಿ ದಪ್ಪ ಹಾಳೆ ಮಾಡಬೇಕು, ಅದಕ್ಕೆ ವಸ್ಲಿ ಅಂತ ಹೆಸರು. ಅಗೇಟ್ ಕಲ್ಲಿನಿಂದ ಉಜ್ಜಿ ಉಜ್ಜಿ ನುಣುಪು ಮಾಡಬೇಕು. ಕುಂಚ ಅಳಿಲಿನ ಬಾಲದ ಕೂದಲಿನದು. ನೀಲಿಗೆ ಲ್ಯಾಪಿಸ್ ಲಾಜುಲಿ, ಹಸಿರಿಗೆ ಮ್ಯಾಲಕೈಟ್. ಎರಡೂ ಕಲ್ಲುಗಳೇ, ಅರೆದು ಗೋಂದಿನಲ್ಲಿ ಕಲಸಬೇಕು. ತೆಳುವಾಗಿ ಒಂದರ ಮೇಲೊಂದು ಪದರ ಬಣ್ಣ ಹಾಕಿ, ಹಾಳೆಯನ್ನು ಬೋರಲು ಹಾಕಿ ಹಿಂದಿನಿಂದ ಮತ್ತೆ ಉಜ್ಜಿದರೆ ಬಣ್ಣ ಕಾಗದದೊಳಗೆ ಕೂರುತ್ತೆ. ಆಮೇಲೆ ಗರಿ, ರೋಮ, ಕಾಲಿನ ಸುಕ್ಕು, ಒಂದೊಂದೇ ಎಳೆ. ಕಂಟ್ರೋಲ್ ಝಡ್ ಇಲ್ಲ.

ಜಹಾಂಗೀರನಿಗೆ ಪ್ರಾಣಿ ಪಕ್ಷಿಗಳ ಹುಚ್ಚು. ಮುತ್ತಾತ ಬಾಬರ್ ಪ್ರಾಣಿಗಳ ಬಗ್ಗೆ ಬರೆದನೇ ಹೊರತು ಚಿತ್ರ ಬರೆಸಲಿಲ್ಲ ಅನ್ನೋದು ಅವನ ಕೊರಗು. 1612ರಲ್ಲಿ ಗೋವಾದಿಂದ ಟರ್ಕಿ ಕೋಳಿ ಮುಂತಾದ ಅಪರೂಪದ ಜೀವಿಗಳು ಬಂದಾಗ, ಬರೀ ವರ್ಣನೆ ಸಾಲದು, ಚಿತ್ರವೂ ಆಗಬೇಕು ಅಂತ ಆಜ್ಞೆ ಮಾಡಿದ. ಮನ್ಸೂರ್‌ಗೆ ನಾದಿರ್-ಉಲ್-ಅಸ್ರ್, ಅಂದರೆ ಕಾಲದ ಅಚ್ಚರಿ ಅನ್ನೋ ಬಿರುದನ್ನೂ ಕೊಟ್ಟ. 1620ರ ಕಾಶ್ಮೀರದ ವಸಂತದಲ್ಲಿ ಮನ್ಸೂರ್ ನೂರಕ್ಕೂ ಹೆಚ್ಚು ಹೂಗಳನ್ನು ಬರೆದರು ಅಂತ ಅವನೇ ತನ್ನ ಆತ್ಮಚರಿತ್ರೆಯಲ್ಲಿ ಬರೆದಿಟ್ಟಿದ್ದಾನೆ. ಉಳಿದಿರುವವು ಬೆರಳೆಣಿಕೆಯಷ್ಟು, ಅದರಲ್ಲೊಂದು ಕೆಂಪು ಟ್ಯುಲಿಪ್ ಅಲಿಗಢದಲ್ಲಿದೆ. ಉಳಿದವೆಲ್ಲ ಹೋದವು. ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ.

ಅವರ ಸೈಬೀರಿಯನ್ ಕೊಕ್ಕರೆ ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂನಲ್ಲಿದೆ. ಬಿಳಿ ಮೈ, ಗರಿಯಿಲ್ಲದ ಕೆಂಪು ಮುಖ, ಸುಕ್ಕುಗಟ್ಟಿದ ಕಾಲು, ಎಲ್ಲ ಇದ್ದ ಹಾಗೇ. ಪಲ್ಲಾಸ್ ಎಂಬ ವಿಜ್ಞಾನಿ ಈ ಹಕ್ಕಿಗೆ ವೈಜ್ಞಾನಿಕ ಹೆಸರಿಟ್ಟದ್ದು 1773ರಲ್ಲಿ, ಮನ್ಸೂರ್ ಬರೆದು ಸುಮಾರು ನೂರೈವತ್ತು ವರ್ಷ ಆದಮೇಲೆ! ಪ್ರತಿ ಚಳಿಗಾಲ ಭರತ್‌ಪುರಕ್ಕೆ ಬರುತ್ತಿದ್ದ ಈ ಹಕ್ಕಿ 2002ರ ನಂತರ ಅಲ್ಲಿಗೆ ಬಂದಿಲ್ಲ.

ಇನ್ನು ಡೋಡೋ. ಮಾರಿಷಸ್‌ನ ಈ ಹಕ್ಕಿ ಹದಿನೇಳನೇ ಶತಮಾನ ಮುಗಿಯೋ ಹೊತ್ತಿಗೆ ಭೂಮಿ ಮೇಲೆ ಒಂದೂ ಉಳಿದಿರಲಿಲ್ಲ. ಆದರೆ ಅದಕ್ಕೂ ಮುಂಚೆ ಸೂರತ್‌ನಲ್ಲಿ ಎರಡು ಡೋಡೋಗಳನ್ನು ಇಂಗ್ಲಿಷ್ ಪ್ರವಾಸಿ ಪೀಟರ್ ಮಂಡಿ ನೋಡಿದ್ದ. ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿರುವ ಒಂದು ಮೊಗಲ್ ಚಿತ್ರದ ಮಧ್ಯದಲ್ಲಿ ಡೋಡೋ ನಿಂತಿದೆ. ಅದಕ್ಕೆ ಸಹಿ ಇಲ್ಲ, ಶೈಲಿ ನೋಡಿ ಮನ್ಸೂರ್ ಅವರದ್ದೇ ಅಂತ ವಿದ್ವಾಂಸರು ಹೇಳ್ತಾರೆ. ಯುರೋಪಿನ ಅನೇಕ ಚಿತ್ರಗಳಲ್ಲಿ ಡೋಡೋ ಉಬ್ಬಿದ ಮೂಟೆಯ ಹಾಗಿದೆ. ಇಲ್ಲಿ ಹಾಗಿಲ್ಲ, ಕಾಲ ಮೇಲೆ ನೆಟ್ಟಗೆ ನಿಂತ ನಿಜವಾದ ಹಕ್ಕಿ. ಹಾಗಾಗಿಯೇ ಡೋಡೋ ಹೇಗಿತ್ತು ಅಂತ ಹುಡುಕುವವರು ಇವತ್ತಿಗೂ ಈ ಚಿತ್ರದ ಮುಂದೆ ಬಂದು ನಿಲ್ಲುತ್ತಾರೆ. ಈ ಹಕ್ಕಿ ಇನ್ನೇನು ಇಲ್ಲವಾಗುತ್ತೆ ಅಂತ ಬರೆದವರಿಗೆ ಗೊತ್ತಿರಲಿಲ್ಲ. ಕಂಡಷ್ಟನ್ನು ಬರೆದರು, ಅಷ್ಟೇ.

1627ರಲ್ಲಿ ಜಹಾಂಗೀರ್ ಸತ್ತ. ಆಮೇಲೆ ಮನ್ಸೂರ್ ಹೆಸರೂ ದಾಖಲೆಗಳಿಂದ ಮರೆಯಾಗುತ್ತೆ. ಅಷ್ಟೊಂದು ಜೀವಿಗಳ ಮುಖ ಬರೆದವರ ಬದುಕಿನ ಬಗ್ಗೆ ನಮಗೆ ಸಿಗೋದು ಬಾದಶಹ ಬರೆದ ಕೆಲವು ಸಾಲು ಮಾತ್ರ. ಈಗ ಬುಧ ಗ್ರಹದ ಒಂದು ಕುಳಿಗೆ ಮನ್ಸೂರ್ ಅಂತ ಹೆಸರಿದೆ.

ಅಂದಹಾಗೆ, ಆ ಡೋಡೋ ಚಿತ್ರದ ಕೆಳಗೆ ಎಡಗಡೆ ಪಟ್ಟೆ ತಲೆಯ ಹೆಬ್ಬಾತುಗಳಿವೆ. ಅವು ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಈಗಲೂ ಚಳಿಗಾಲದಲ್ಲಿ ಬರುತ್ತವೆ. ಹೋಗೋ ಪ್ಲಾನ್ ಇದ್ದರೆ ಚಿತ್ರವನ್ನ ಫೋನಿನಲ್ಲಿ ಇಟ್ಕೊಂಡು ಹೋಗಿ, ತಲೆ ಹಿಂದಿನ ಎರಡು ಕಪ್ಪು ಪಟ್ಟೆ ಸರಿಯಾಗಿದೆಯಾ ಅಂತ ನೀವೇ ನೋಡಿ ಬನ್ನಿ.