ಬಂಡೆ ಹತ್ತುವ ಮೀನು ಪವಾಡವೇ? ಉತ್ತರ ಹುಡುಕಿದ ಸುಂದರಲಾಲ್ ಹೋರಾ, ಮತ್ತು ನಮ್ಮ ನದಿಗೆ ಹೊಕ್ಕ ಹೊರಗಿನ ಮೀನುಗಳು

ಮುಂಗಾರು ಶುರುವಾದರೆ ಸಾಕು, ಒಂದು ಬಗೆಯ ವಿಡಿಯೋ ಮೊಬೈಲಿನಿಂದ ಮೊಬೈಲಿಗೆ ಹರಿಯತೊಡಗುತ್ತದೆ. ಧೋ ಎಂದು ಸುರಿಯುವ ನೀರಿನ ಪಕ್ಕದಲ್ಲಿ, ಒದ್ದೆ ಬಂಡೆಯ ಮೇಲೆ, ಸಣ್ಣ ಮೀನುಗಳು ಹಲ್ಲಿಯ ಹಾಗೆ ಅಂಟಿಕೊಂಡು ಮೇಲೇರುತ್ತಿರುತ್ತವೆ. ಕೆಳಗೆ ದೇವರ ಪವಾಡ ಎಂದು ಒಕ್ಕಣೆ. ಮಲೆನಾಡಿನವರಿಗೆ ಇದರಲ್ಲಿ ಅಚ್ಚರಿ ಇಲ್ಲ. ಮೊದಲ ಮಳೆಗೆ ಹತ್ತುಮೀನು ಹಿಡಿಯಲು ಹೋದವರು ಅಲ್ಲಿ ಬೇಕಾದಷ್ಟು ಜನ ಇದ್ದಾರೆ. ವಿಡಿಯೋ ಸುಳ್ಳಲ್ಲ, ಮೀನು ನಿಜವಾಗಿಯೂ ಹತ್ತುತ್ತದೆ. ಪವಾಡವೂ ಅಲ್ಲ. ಅದು ಹೇಗೆ ಹತ್ತುತ್ತದೆ ಎಂಬುದನ್ನು ನೂರು ವರ್ಷದ ಹಿಂದೆ ಹೊಳೆಯಲ್ಲಿ ಮೊಣಕಾಲುದ್ದ ನೀರಿನಲ್ಲಿ ನಿಂತು ನೋಡಿ ಬರೆದವರು ಸುಂದರಲಾಲ್ ಹೋರಾ. ಇಂದು ಹೊರದೇಶದ ಮೀನುಗಳು ನಮ್ಮ ನದಿಗಳಲ್ಲಿ ಹೇಗೆ ನೆಲೆಯೂರುತ್ತಿವೆ ಎಂದು ತಿಳಿಯಬೇಕಾದರೂ ಅವರ ಕೆಲಸದಿಂದಲೇ ಶುರು ಮಾಡುವುದು ಒಳ್ಳೆಯದು.

ಹೋರಾ ಹುಟ್ಟಿದ್ದು 1896ರಲ್ಲಿ, ಪಂಜಾಬಿನ ಹಾಫಿಜಾಬಾದಿನಲ್ಲಿ. ಆ ಊರು ಈಗ ಪಾಕಿಸ್ತಾನದಲ್ಲಿದೆ. ಓದಿದ್ದು ಲಾಹೋರಿನಲ್ಲಿ. 1919ರಲ್ಲಿ ಥಾಮಸ್ ನೆಲ್ಸನ್ ಅನ್ನಂಡೇಲ್ ಲಾಹೋರಿಗೆ ಬಂದರು. ಕಲ್ಕತ್ತದಲ್ಲಿ ಮೂರು ವರ್ಷದ ಹಿಂದಷ್ಟೇ ಶುರುವಾಗಿದ್ದ ಭಾರತೀಯ ಪ್ರಾಣಿವಿಜ್ಞಾನ ಸರ್ವೇಕ್ಷಣಾಲಯದ ಮೊದಲ ನಿರ್ದೇಶಕರು ಅವರು. ಈ ಹುಡುಗನನ್ನು ನೋಡಿ ಕಲ್ಕತ್ತಕ್ಕೆ ಕರೆದರು. ಹೋರಾ ಹೋದರು. 1921ರ ಹೊತ್ತಿಗೆ ಮೀನು ಮತ್ತು ಸರೀಸೃಪಗಳ ವಿಭಾಗವೇ ಅವರ ಕೈಗೆ ಬಂದಿತ್ತು. ಅದೇ ವರ್ಷ ಮಣಿಪುರದ ಮೀನುಗಳ ಕುರಿತ ಅವರ ದೊಡ್ಡ ಬರಹ ಪ್ರಕಟವಾಯಿತು.

ಸಂಗ್ರಹಾಲಯದಲ್ಲಿ ಕೂತು ಸೀಸೆಯಲ್ಲಿರುವ ಸತ್ತ ಮೀನಿನ ಮುಳ್ಳು ಎಣಿಸುವುದು ಆ ಕಾಲದ ಮೀನುಶಾಸ್ತ್ರದ ಮುಖ್ಯ ಕೆಲಸ. ಹೋರಾ ಅದನ್ನೂ ಮಾಡಿದರು, ಬೇಕಾದಷ್ಟು ಮಾಡಿದರು. ಆದರೆ ಅವರನ್ನು ಕಾಡಿದ್ದು ಬೇರೆ ಪ್ರಶ್ನೆ. ಖಾಸಿ ಬೆಟ್ಟಗಳ ತೊರೆಗಳಲ್ಲಿ ಮನುಷ್ಯನೇ ನಿಲ್ಲಲಾಗದ ಸೆಳೆತವಿರುತ್ತದೆ. ಬೆರಳುದ್ದದ ಮೀನು ಅಲ್ಲಿ ಕೊಚ್ಚಿಹೋಗದೆ ಹೇಗೆ ಉಳಿಯುತ್ತದೆ?

ಮೀನು ಆ ಸೆಳೆತದ ಜೊತೆ ಗುದ್ದಾಡುವುದೇ ಇಲ್ಲ, ತಪ್ಪಿಸಿಕೊಳ್ಳುತ್ತದೆ. ನೀರು ಎಷ್ಟೇ ರಭಸವಾಗಿ ಹರಿಯಲಿ, ಬಂಡೆಯ ಮೈಗೆ ತಾಗಿರುವ ತೆಳುವಾದ ಪದರದಲ್ಲಿ ಅದರ ವೇಗ ಬಹಳ ಕಡಿಮೆ. ಯಾರು ಚಪ್ಪಟೆಯಾಗಿ ಬಂಡೆಗೆ ಒತ್ತಿಕೊಂಡು ಮಲಗಬಲ್ಲರೋ ಅವರು ಬದುಕಿದರು. ಹೋರಾ ಇಂಥ ಮೀನುಗಳ ಮೈಯನ್ನು ಅಂಗುಲ ಅಂಗುಲವಾಗಿ ನೋಡಿದರು. ಹೊಟ್ಟೆ ಮಟ್ಟಸವಾಗಿದೆ, ಅಲ್ಲಿ ಹುರುಪೆ ಇಲ್ಲ. ಎದೆಯ ಮತ್ತು ಹೊಟ್ಟೆಯ ಈಜುರೆಕ್ಕೆಗಳು ಬೀಸಣಿಗೆಯಂತೆ ಅಡ್ಡಕ್ಕೆ ಹರಡಿಕೊಂಡು ಇಡೀ ಮೈಯನ್ನೇ ಒಂದು ಹೀರುಬಿಲ್ಲೆಯನ್ನಾಗಿ ಮಾಡುತ್ತವೆ. ನೀರಿನಲ್ಲಿ ತೇಲಲು ಬೇಕಾದ ಗಾಳಿಚೀಲ ಕುಗ್ಗಿ ಪುಟ್ಟದಾಗಿದೆ, ಏಕೆಂದರೆ ಇಲ್ಲಿ ತೇಲಿದವ ಹೋದ. ಪಶ್ಚಿಮಘಟ್ಟದ ಭವಾನಿಯಾ ಇಂಥದೊಂದು ಮೀನು, ಆ ಕುಲಕ್ಕೆ ಆ ಹೆಸರು ಕೊಟ್ಟವರು ಹೋರಾ. ಹಿಮಾಲಯದ ಕೆಲವು ಬೆಕ್ಕುಮೀನುಗಳ ಎದೆಯ ಮೇಲೆ ಟೈರಿನ ಅಚ್ಚಿನಂಥ ಗೆರೆಗಳಿರುತ್ತವೆ, ಜಾರದಂತೆ ಹಿಡಿಯುವುದೇ ಅವುಗಳ ಕೆಲಸ. ಗಾರಾ ಎಂಬ ಇನ್ನೊಂದು ಕುಲದಲ್ಲಿ ಬಾಯಿಯ ಕೆಳಗೇ ಒಂದು ಹೀರುಬಿಲ್ಲೆ ಇದೆ. (ಮಾಲ್‌ಗಳಲ್ಲಿ ತೊಟ್ಟಿಗೆ ಕಾಲಿಟ್ಟು ಕೂತರೆ ಚರ್ಮ ಕೆರೆಯಲು ಬರುವ ಮೀನು ಇದೇ ಕುಲದ, ಪಶ್ಚಿಮ ಏಷ್ಯಾದ ನೆಂಟ.) ಹೋರಾ ಮೀನಿಗೆ ನಿಲ್ಲಲಿಲ್ಲ. ಅದೇ ತೊರೆಯ ಹುಳದ ಮರಿ, ಗೊದಮೊಟ್ಟೆ, ಎಲ್ಲದರಲ್ಲೂ ಇದೇ ಉಪಾಯ ಇದೆ ಎಂದು ತೋರಿಸಿದರು. 1930ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಬಂದ ಅವರ ಪ್ರಬಂಧ ಇಂದಿಗೂ ಈ ವಿಷಯದ ತಳಪಾಯ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಹರಡಿದೆ. ಮೀನಿಗೆ ಅಂಟಿಕೊಳ್ಳುವ ಅಗತ್ಯ ಬಿತ್ತು, ಅದಕ್ಕೆ ಹೀರುಬಿಲ್ಲೆ ಬೆಳೆಸಿಕೊಂಡಿತು ಎನ್ನುತ್ತಾರೆ. ಬೇಕು ಎಂದು ಯಾವ ಮೀನೂ ಮೈ ಬದಲಿಸಿಕೊಳ್ಳಲಾರದು. ಹುಟ್ಟಿದ ಮರಿಗಳಲ್ಲಿ ಸ್ವಲ್ಪ ಹೆಚ್ಚು ಚಪ್ಪಟೆ ಇದ್ದವು ಉಳಿದವು, ಉಳಿದವು ಕೊಚ್ಚಿಹೋದವು. ಇದು ಲಕ್ಷಾಂತರ ವರ್ಷ ನಡೆದ ಜರಡಿ.

ಹಾಗಾದರೆ ನಿನ್ನೆ ಮೊನ್ನೆ ಬಂದ ಹೊರಗಿನ ಮೀನು ಇಷ್ಟು ಬೇಗ ಬೆಟ್ಟದ ನದಿಗೆ ಹೇಗೆ ಒಗ್ಗಿಕೊಂಡಿತು? ಬಹುಪಾಲು ಅದು ಒಗ್ಗಿಕೊಳ್ಳಲೇ ಇಲ್ಲ, ತಯಾರಾಗಿಯೇ ಬಂತು. ಟ್ರೌಟ್ ಮೀನನ್ನೇ ನೋಡಿ. ಫ್ರಾನ್ಸಿಸ್ ಡೇ 1860ರ ದಶಕದಲ್ಲಿ ಅದನ್ನು ನೀಲಗಿರಿಗೆ ತರಲು ನೋಡಿ ಸೋತರು. 1899ರಲ್ಲಿ ಇಂಗ್ಲೆಂಡಿನಿಂದ ಕಾಶ್ಮೀರಕ್ಕೆ ಕಳಿಸಿದ ಕಂದು ಟ್ರೌಟ್ ಮೊಟ್ಟೆಗಳು ದಾರಿಯಲ್ಲೇ ಹಾಳಾದವು. ಮರುವರ್ಷ ಕಳಿಸಿದವು ಬದುಕಿದವು. 20ನೇ ಶತಮಾನದ ಮೊದಲ ವರ್ಷಗಳಲ್ಲಿ ನೀಲಗಿರಿಯ ತೊರೆಗಳಲ್ಲೂ ಹೆನ್ರಿ ಚಾರ್ಲ್ಟನ್ ವಿಲ್ಸನ್ ಕಾಮನಬಿಲ್ಲು ಟ್ರೌಟನ್ನು ನೆಲೆಗೊಳಿಸಿದರು. ಸಾಹೇಬರಿಗೆ ಗಾಳ ಹಾಕುವ ಖುಷಿ ಬೇಕಿತ್ತು, ಅಷ್ಟೇ. ಟ್ರೌಟಿಗೆ ಹೀರುಬಿಲ್ಲೆ ಇಲ್ಲ. ಅದು ಕದಿರಿನಂಥ ಮೈಯ ಬಲಿಷ್ಠ ಈಜುಗಾರ. ಕಲ್ಲಿನ ಹಿಂದಿನ ಮರೆಯಲ್ಲಿ ನಿಂತು, ಬೇಟೆ ಹರಿದು ಬಂದಾಗ ಚಿಮ್ಮಿ ಹಿಡಿದು, ಮತ್ತೆ ಮರೆಗೆ ಸರಿಯುತ್ತದೆ. ಹೆಣ್ಣು ಬಾಲದಿಂದ ಜಲ್ಲಿಯಲ್ಲಿ ಗುಂಡಿ ತೋಡಿ ಮೊಟ್ಟೆಯಿಟ್ಟು ಮುಚ್ಚುತ್ತದೆ, ಹಾಗಾಗಿ ಮೊಟ್ಟೆ ಕೊಚ್ಚಿಹೋಗುವುದಿಲ್ಲ. ಅದಕ್ಕೆ ಬೇಕಾದದ್ದು ತಣ್ಣನೆಯ, ಆಮ್ಲಜನಕ ತುಂಬಿದ ನೀರು. ಅದು ಸಿಕ್ಕರೆ ಯುರೋಪೂ ಒಂದೇ, ಕಾಶ್ಮೀರವೂ ಒಂದೇ. ಅಲ್ಲಿನ ಮೂಲವಾಸಿ ಹಿಮಟ್ರೌಟ್ ಹೆಸರಿನಲ್ಲಿ ಮಾತ್ರ ಟ್ರೌಟ್. ಕಲ್ಲಿನ ಪಾಚಿ ಕೆರೆದು ತಿನ್ನುವ ಆ ಮೀನಿನ ಹೊಳೆಗೆ ಈಗ ಮೀನು ತಿನ್ನುವ ಮೀನು ಬಂದಿತ್ತು.

ಇನ್ನೊಂದು ಗುಂಪಿನ ಮೀನುಗಳಿಗೆ ಬೆಟ್ಟದ ಹೊಳೆ ಹಿಡಿಸುವುದೇ ಇಲ್ಲ. ಸಾಮಾನ್ಯ ಗೆಂಡೆ, ತಿಲಾಪಿಯಾ, ಆಫ್ರಿಕನ್ ಕ್ಯಾಟ್‌ಫಿಶ್‌ಗಳಿಗೆ ನಿಂತ ನೀರು ಬೇಕು. ಅದನ್ನು ಒದಗಿಸಿದವರು ನಾವು. ಅಣೆಕಟ್ಟು ಕಟ್ಟಿದ ದಿನವೇ ನದಿ ಕೆರೆಯಾಗುತ್ತದೆ, ಸೆಳೆತಕ್ಕೆಂದು ಲಕ್ಷಾಂತರ ವರ್ಷ ಪಳಗಿದ ಚಪ್ಪಟೆ ಹೊಟ್ಟೆ ಅಲ್ಲಿ ಕೆಲಸಕ್ಕೆ ಬಾರದು. ತಿಲಾಪಿಯಾ ಮರಿಗಳನ್ನು ಬಾಯಲ್ಲೇ ಕಾಪಾಡುತ್ತದೆ, ಆಫ್ರಿಕನ್ ಕ್ಯಾಟ್‌ಫಿಶ್ ಗಾಳಿಯನ್ನೇ ಉಸಿರಾಡಬಲ್ಲದು. ಹೋರಾ ತಮ್ಮ ಮೊದಲ ದೊಡ್ಡ ಕೆಲಸ ಮಾಡಿದ ಮಣಿಪುರದಲ್ಲೇ ಇದರ ಕಥೆ ನೋಡಬಹುದು. ಅಲ್ಲಿನ ಅಚ್ಚುಮೆಚ್ಚಿನ ಪೆಂಗ್ಬಾ ಮೀನು ಮ್ಯಾನ್ಮಾರಿನ ಚಿಂದ್ವಿನ್ ಕಡೆಯಿಂದ ಲೋಕ್ತಾಕ್ ಸರೋವರಕ್ಕೆ ವಲಸೆ ಬರುತ್ತಿತ್ತು. 1983ರಲ್ಲಿ ಇಥಾಯ್ ಅಣೆಕಟ್ಟು ದಾರಿ ಮುಚ್ಚಿತು. ಈಗ ಆ ಮೀನು ಅಲ್ಲಿ ಉಳಿದಿರುವುದು ಸಾಕಣೆಯ ಕೊಳಗಳಲ್ಲಿ.

ಅಕ್ವೇರಿಯಂ ಗಾಜು ಕ್ಲೀನ್ ಮಾಡುತ್ತದೆ ಎಂದು ಅಂಗಡಿಯವರು ಕೊಡುವ ಸಕ್ಕರ್ ಮೀನಿನ ಕಥೆ ಇನ್ನೂ ಸ್ವಾರಸ್ಯ. ಇದು ದಕ್ಷಿಣ ಅಮೆರಿಕದ್ದು. ಇದರ ಬಾಯಿಯೇ ಹೀರುಬಿಲ್ಲೆ. ಹೋರಾ ಖಾಸಿ ಬೆಟ್ಟದಲ್ಲಿ ಕಂಡ ಅದೇ ಉಪಾಯ, ಬೇರೊಂದು ಖಂಡದಲ್ಲಿ, ಬೇರೊಂದು ವಂಶದಲ್ಲಿ ಸ್ವತಂತ್ರವಾಗಿ ಮೂಡಿದ್ದು. ಮೇಲೆ ಗಟ್ಟಿ ಕವಚ, ಬೇಕಾದರೆ ಹೊಟ್ಟೆಯಿಂದ ಗಾಳಿ ಹೀರುವ ಶಕ್ತಿ. 2020ರಲ್ಲಿ ವಾರಾಣಸಿ ಬಳಿ ಗಂಗೆಯಲ್ಲಿ ಸಿಕ್ಕ ಇಂಥ ಮೀನಿನ ಫೋಟೊ ದೇಶವೆಲ್ಲ ಸುತ್ತಿತು, ರಾಕ್ಷಸ ಮೀನು ಎಂಬ ಹೆಸರೂ ಬಂತು. ರಾಕ್ಷಸನೂ ಅಲ್ಲ, ಅಮೆಜಾನಿನಿಂದ ಈಜಿಕೊಂಡೂ ಬಂದಿಲ್ಲ. ತೊಟ್ಟಿಗೆ ಹಿಡಿಸದಷ್ಟು ಬೆಳೆದಾಗ, ಕೊಲ್ಲಲು ಮನಸ್ಸಾಗದೆ, ಪುಣ್ಯ ಬರಲಿ ಎಂದು ಯಾರೋ ಹೊಳೆಗೆ ಬಿಟ್ಟದ್ದು.

ದೇಶದೊಳಗಿನ ಮೀನಾದರೆ ತೊಂದರೆ ಇಲ್ಲವಲ್ಲ ಎಂದು ಕೇಳುವವರಿದ್ದಾರೆ. ಕಾವೇರಿಯ ಮಹಶೀರ್ ಅದಕ್ಕೆ ಉತ್ತರ. ಗೂನುಬೆನ್ನಿನ ಆ ದೈತ್ಯ ಮೀನು ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟು ಬೇರೆಲ್ಲೂ ಇಲ್ಲ. ಕಳೆದ ಶತಮಾನದ ಕೊನೆಯ ದಶಕಗಳಲ್ಲಿ ಮಹಾರಾಷ್ಟ್ರದ ಲೋಣಾವಳದ ಕೇಂದ್ರದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಕಾವೇರಿಗೆ ಬಿಡಲಾಯಿತು. ಉದ್ದೇಶ ಒಳ್ಳೆಯದೇ, ಮಹಶೀರ್ ಸಂತತಿ ಹೆಚ್ಚಲಿ ಎಂದು. ಆಮೇಲೆ ಗಾಳದವರ ದಾಖಲೆ ತೆಗೆದು ನೋಡಿದರೆ ನೀಲಿ ರೆಕ್ಕೆಯವು ಹೆಚ್ಚುತ್ತ ಹೋಗಿವೆ, ಗೂನುಬೆನ್ನಿನವು ಅಪರೂಪವಾಗಿವೆ. ಸಿಕ್ಕ ಕೆಲವೂ ವರ್ಷದಿಂದ ವರ್ಷಕ್ಕೆ ಗಾತ್ರದಲ್ಲಿ ದೊಡ್ಡವು. ಖುಷಿಪಡುವಂಥದ್ದಲ್ಲ ಇದು. ಮರಿಗಳು ಬರುತ್ತಿಲ್ಲ, ಮುದಿ ಮೀನುಗಳಷ್ಟೇ ಉಳಿದಿವೆ ಎಂದು ಅರ್ಥ. ಅದಕ್ಕೆ ಖಚಿತವಾದ ವೈಜ್ಞಾನಿಕ ಹೆಸರು ಸಿಕ್ಕಿದ್ದೇ 2018ರಲ್ಲಿ, ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರುವ ಹೊತ್ತಿಗೆ.

ಮಹಶೀರ್‌ಗಳ ಬಗ್ಗೆ ಹೋರಾ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಸರಣಿಯನ್ನೇ ಬರೆದಿದ್ದರು. ಸೊಳ್ಳೆಮರಿ ತಿನ್ನಲೆಂದು 1928ರಲ್ಲಿ ಇಟಲಿಯಿಂದ ಗಂಬೂಸಿಯಾ ಮೀನು ಭಾರತಕ್ಕೆ ಬಂದ ಹತ್ತು ವರ್ಷಕ್ಕೆ, ಅದೇ ಕೆಲಸಕ್ಕೆ ಒದಗುವ ನಮ್ಮವೇ ಮೀನುಗಳನ್ನು ಗುರುತಿಸಲು ಸಹೋದ್ಯೋಗಿಯೊಬ್ಬರ ಜೊತೆ ಕೈಪಿಡಿ ಮಾಡಿಕೊಟ್ಟರು. ಗಂಬೂಸಿಯಾ ಈಗ ಜಗತ್ತಿನ ನೂರು ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ. ಎರಡೂ ಬಗೆಯ ಟ್ರೌಟ್, ಗೆಂಡೆ, ತಿಲಾಪಿಯಾ ಕೂಡ ಅಲ್ಲಿವೆ.

1942ರಲ್ಲಿ ಹೋರಾ ಬಂಗಾಳದ ಮೀನುಗಾರಿಕೆಯ ನಿರ್ದೇಶಕರಾದರು. ಯುದ್ಧದ ಭಯಕ್ಕೆ ಸರ್ವೇಕ್ಷಣಾಲಯವನ್ನು ಕಲ್ಕತ್ತದಿಂದ ವಾರಾಣಸಿಗೆ ಸಾಗಿಸಿದ್ದರು. 1943ರಲ್ಲಿ ವರುಣಾ ನದಿ ಉಕ್ಕಿ ಆ ಅಮೂಲ್ಯ ಸಂಗ್ರಹವನ್ನೇ ಮುಳುಗಿಸಿತು. 1947ರಲ್ಲಿ ಹೋರಾ ಅದರ ನಿರ್ದೇಶಕರಾಗಿ ಹಿಂದಿರುಗಿದರು.

ಆ ವರ್ಷಗಳಲ್ಲಿ ಅವರಿಗೆ ಹಿಡಿದ ಇನ್ನೊಂದು ಗೀಳು ಕನ್ನಡಿಗರಿಗೆ ಹತ್ತಿರದ್ದು. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದ ಎಂಬ ಭಾಗವಿದೆ. ಗಾಳ ಹಾಕುವುದು ಹೇಗೆ, ಯಾವ ಮೀನಿಗೆ ಯಾವ ಮೇವು ಎಂಬ ವಿವರ ಅದರಲ್ಲಿದೆ. ಅಲ್ಲಿ ಬರುವ ಮೀನುಗಳು ಇಂದಿನ ಯಾವ ಜಾತಿಗಳು ಎಂದು ಹೋರಾ ಒಂದೊಂದಾಗಿ ತಾಳೆ ಹಾಕಿದರು. ಹಳೆಯದೆಲ್ಲ ಶ್ರೇಷ್ಠ ಎಂದು ಮೆರೆಸುವುದು ಸುಲಭ. ಅವರು ಪಠ್ಯವನ್ನು ಹೊಳೆಯ ಮೀನಿನ ಪಕ್ಕದಲ್ಲಿಟ್ಟು ಓದಿದರು.

ಅವರ ಎಲ್ಲ ಮಾತೂ ನಿಂತಿಲ್ಲ. ಮಲಯ ಮತ್ತು ಪೂರ್ವ ಹಿಮಾಲಯದ ಹೊಳೆಮೀನುಗಳ ಬಂಧುಗಳು ನಡುವೆ ಎಲ್ಲೂ ಕಾಣದೆ ನಮ್ಮ ಪಶ್ಚಿಮಘಟ್ಟದಲ್ಲಿ ಕಾಣುವುದೇಕೆ ಎಂಬುದಕ್ಕೆ ಅವರು ಸಾತ್ಪುರಾ ಬೆಟ್ಟಸಾಲು ಒಂದು ಕಾಲದಲ್ಲಿ ಸೇತುವೆಯಾಗಿತ್ತು ಎಂಬ ವಾದ ಹೂಡಿದರು. ಭೂವಿಜ್ಞಾನ ಮತ್ತು ಡಿಎನ್‌ಎ ಅಧ್ಯಯನಗಳ ಮುಂದೆ ಈ ವಾದ ಈಗ ಬಹಳ ಸೊರಗಿದೆ. ಆದರೂ ಆ ಪ್ರಶ್ನೆಯನ್ನು ಬೆನ್ನಟ್ಟಿದವರೆಲ್ಲ ಹೋರಾ ಹೆಸರಿನಿಂದಲೇ ಶುರು ಮಾಡಬೇಕಾಗುತ್ತದೆ.

1955ರ ಡಿಸೆಂಬರ್ 8ರಂದು, 59ನೇ ವಯಸ್ಸಿನಲ್ಲಿ ಹೋರಾ ತೀರಿಕೊಂಡರು. ಅವರ ಹೆಸರು ಹೊತ್ತ ಮೀನಿನ ಕುಲಗಳು ಮೂರು ನಾಲ್ಕಿವೆ. ಪಶ್ಚಿಮಘಟ್ಟದ ನದಿಗಳ ಹಳದಿ ಬೆಕ್ಕುಮೀನು ಹೋರಾಬ್ಯಾಗ್ರಸ್. ಇನ್ನೊಂದು ಹೋರಾಗ್ಲ್ಯಾನಿಸ್. ಅದಕ್ಕೆ ಕಣ್ಣಿಲ್ಲ, ಬೆರಳಿಗಿಂತ ಗಿಡ್ಡ, ನೆಲದಡಿಯ ನೀರಿನಲ್ಲಿ ಬದುಕುತ್ತದೆ, ಕೇರಳದ ಮನೆಗಳಲ್ಲಿ ಬಾವಿಗೆ ಬಿಟ್ಟ ಕೊಡದಲ್ಲಿ ಯಾವಾಗಲೋ ಒಮ್ಮೆ ಮೇಲೆ ಬರುತ್ತದೆ.